ವ್ಯಾಯಾಮ ಶಿಕ್ಷಕನನ್ನು ಆರಿಸುವ ಬಗೆ

ಕಾಯಿಲೆಯಾದಾಗ ನಾವು ನಮ್ಮ ದೇಹವನ್ನು ವೈದ್ಯನ ಕೈಗೆ ಒಪ್ಪಿಸುತ್ತೇವೆ. ಊರಿಗೆ ಹೊರಟಾಗ ಬಸ್ಸಿನ ಚಾಲಕನ ಕೈಗೆ ಒಪ್ಪಿಸುತ್ತೇವೆ. ಇವರಿಬ್ಬರ ವಿಷಯದಲ್ಲಿಯೂ ನಮ್ಮ ಪರವಾಗಿ ಬೇರೊಬ್ಬರು ಮೊದಲೇ ಪರೀಕ್ಷೆ ನಡೆಸಿರುತ್ತಾರೆ. ವೈದ್ಯನ ಹೆಸರು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಇರಲೇಬೇಕು. ಚಾಲಕನ ಬಳಿ ಪರವಾನಗಿ ಇರಲೇಬೇಕು. ಈಗ ದೊಡ್ಡ ನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ಜಿಮ್ ಎಂಬ ಹೆಸರಿನ ವ್ಯಾಯಾಮಶಾಲೆಗಳು ತಲೆಯೆತ್ತಿವೆ. ತಿಂಗಳಿಗೆ ಇಷ್ಟೆಂದು ಪ್ರತ್ಯೇಕ ಶುಲ್ಕವನ್ನು ಪಡೆದು, ಒಬ್ಬೊಬ್ಬರನ್ನೇ ತರಬೇತುಗೊಳಿಸುವ ಪರ್ಸನಲ್ ಟ್ರೈನರುಗಳು ಅಲ್ಲಿ ಇರುತ್ತಾರೆ. ಇವರ ಕೈಗೆ ನಾವು ಒಪ್ಪಿಸುವುದೂ ದೇಹವನ್ನೇ. ಆದರೆ ವೈದ್ಯನಿಗಿರುವಂತಹ ಕಡ್ಡಾಯದ ನೋಂದಣಿ ನಮ್ಮ ದೇಶದಲ್ಲಿ ಈ ವೃತ್ತಿಗೆ ಇಲ್ಲ. ತೋಳು ದಪ್ಪನಾಗಿರುವ ಯಾರೇ ಆಗಲಿ, ನಾಳೆಯಿಂದ ತಾನು ಶಿಕ್ಷಕನೆಂದು ಹೇಳಿಕೊಳ್ಳಬಹುದು. ಆದುದರಿಂದ ಪರೀಕ್ಷೆಯ ಹೊಣೆಯು ಶಿಷ್ಯನ ಮೇಲೆಯೇ ಬೀಳುತ್ತದೆ. ಕಲಿಯುವುದಕ್ಕೆ ಬಂದವನು ಕಲಿಸುವವನನ್ನು ಪರೀಕ್ಷಿಸುವುದು ಹೇಗೆ? ಪ್ರೌಢಶಾಲೆಯಲ್ಲಿ ಓದಿದ ಭೌತವಿಜ್ಞಾನವೂ ಸ್ವಲ್ಪ ಶರೀರವಿಜ್ಞಾನವೂ ಇದಕ್ಕೆ ಬಹುಮಟ್ಟಿಗೆ ಸಾಕು ಎಂಬುದನ್ನು ತೋರಿಸಿಕೊಡುವುದು ಈ ಲೇಖನದ ಉದ್ದೇಶ. ಶಿಕ್ಷಕ ಎಂದಲ್ಲೆಲ್ಲ ಶಿಕ್ಷಕಿಯೂ ಸೇರಿದ್ದಾಳೆಂದು ಓದುಗರು ತಿಳಿಯಬೇಕು.

ಹಿಂದೆ ನಮ್ಮಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುತ್ತಿರಲಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಹುಡುಗನು ಎಳೆಯ ವಯಸ್ಸಿನಲ್ಲಿಯೇ ವಸ್ತಾದನ ಬಳಿಗೆ ಸೇರುತ್ತಿದ್ದನು. ಮಟ್ಟಿಯ ಮೇಲೆ ಅವನು ಬೀಳುವುದನ್ನೂ ಏಳುವುದನ್ನೂ ವಸ್ತಾದನು ವರ್ಷಗಟ್ಟಲೆ ನೋಡುತ್ತಿದ್ದನು. ಯಾರಿಗೆ ಎಷ್ಟು ದಂಡ, ಎಷ್ಟು ಬಸ್ಕಿ ಎಂಬುದು ಆ ನೋಟದಿಂದಲೇ ತೀರ್ಮಾನವಾಗುತ್ತಿತ್ತು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಆಧುನಿಕ ರೀತಿಯ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದರು. ‘ಶಾಂತಲಾ’ ಕಾದಂಬರಿಯನ್ನು ಬರೆದವರು ಇವರೇ ಎಂದು ಹೇಳಿದರೆ ಈಗಿನ ಜಿಮ್ಮುಗಳಲ್ಲಿ ನಂಬುವವರು ಕಡಮೆ! ಆದರೆ ಗರಡಿಗೆ ಹೋಗುತ್ತಿದ್ದವನು ಬಾಲಕ. ಜಿಮ್ಮಿಗೆ ಹೋಗುವವನು ಅನೇಕ ವೇಳೆ ನಲವತ್ತು ದಾಟಿದ ಗೃಹಸ್ಥ. ಇಪ್ಪತ್ತು ವರ್ಷ ಕುರ್ಚಿಯ ಮೇಲೆ ಕುಳಿತು ಕೆಲಸಮಾಡಿದವನು, ರಕ್ತದ ಒತ್ತಡಕ್ಕೆ ಗುಳಿಗೆ ನುಂಗುತ್ತಿರುವವನು, ಹೆರಿಗೆಯ ಬಳಿಕ ಬೆನ್ನುನೋವು ಹತ್ತಿದವಳು, ಇಂಥವರು ಒಂದು ಸಂಜೆ ತಟ್ಟನೆ ಮನಸ್ಸುಮಾಡಿ ಬರುತ್ತಾರೆ. ಇವರಿಗೆ ಕಲಿಸುವುದು ಬಾಲಕನಿಗೆ ಕಲಿಸುವುದಕ್ಕಿಂತ ಕಷ್ಟದ ವಿದ್ಯೆ.

ಆದುದರಿಂದ ಮೊದಲ ದಿನ ಶಿಕ್ಷಕನು ಏನನ್ನು ಮಾಡಿಸುತ್ತಾನೆ ಎನ್ನುವುದಕ್ಕಿಂತ ಏನನ್ನು ಕೇಳುತ್ತಾನೆ ಎಂಬುದನ್ನು ಗಮನಿಸಬೇಕು. ಕೆನಡಾ ದೇಶದಲ್ಲಿ 1970ರ ದಶಕದಲ್ಲಿ ಏಳು ಪ್ರಶ್ನೆಗಳ ಒಂದು ಪಟ್ಟಿ ರೂಪುಗೊಂಡು, ಮುಂದೆ ಪ್ರಪಂಚದ ಅನೇಕ ಕಡೆಗಳಲ್ಲಿ ಬಳಕೆಗೆ ಬಂದಿತು. ಹೃದಯದ ರೋಗವಿದೆಯೆಂದು ವೈದ್ಯರು ಹೇಳಿದ್ದಾರೆಯೆ? ಶ್ರಮಪಟ್ಟಾಗ ಎದೆ ನೋಯುವುದೆ? ಸುಮ್ಮನಿರುವಾಗಲೂ ನೋವು ಬಂದದ್ದುಂಟೆ? ತಲೆಸುತ್ತಿ ಬಿದ್ದದ್ದು, ಎಚ್ಚರ ತಪ್ಪಿದ್ದು ಉಂಟೆ? ಮೂಳೆ ಅಥವಾ ಕೀಲಿನ ತೊಂದರೆ ಇದೆಯೆ? ರಕ್ತದ ಒತ್ತಡಕ್ಕೋ ಹೃದಯಕ್ಕೋ ಔಷಧ ನಡೆಯುತ್ತಿದೆಯೆ? ವ್ಯಾಯಾಮ ಕೂಡದೆನ್ನುವುದಕ್ಕೆ ಬೇರೆ ಯಾವ ಕಾರಣವಾದರೂ ತಿಳಿದಿದೆಯೆ? ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ, ಮೊದಲು ವೈದ್ಯರನ್ನು ಕಂಡು ಬನ್ನಿ ಎಂದು ಹೇಳಿ ಕಳುಹಿಸುವ ಶಿಕ್ಷಕನು ಒಬ್ಬ ಗಿರಾಕಿಯನ್ನು ಒಂದು ವಾರದ ಮಟ್ಟಿಗಾದರೂ ಕಳೆದುಕೊಳ್ಳುತ್ತಾನೆ. ಅದಕ್ಕೆ ಸಿದ್ಧನಾಗಿರುವವನು ಆರಿಸಲು ಯೋಗ್ಯನು.

ಈ ಮಾತಿನ ಹಿಂದೆ ದೊಡ್ಡ ಭಯವೊಂದಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಾಗ, ನಾಡಿನಲ್ಲೆಲ್ಲ ಜನರು ವ್ಯಾಯಾಮದ ಬಗ್ಗೆಯೇ ಸಂಶಯಪಡತೊಡಗಿದರು. ಹೃದಯದ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲು ನಿಂತರು. ಒಂದು ಸಾವಿನಿಂದ ಒಂದು ನಿಯಮವನ್ನು ತೆಗೆಯುವುದು ವಿಜ್ಞಾನದ ಮಾರ್ಗವಲ್ಲ. ಲಂಡನ್ನಿನ ಬಸ್ಸುಗಳಲ್ಲಿ ದಿನವೆಲ್ಲ ಮಹಡಿಯ ಮೆಟ್ಟಿಲನ್ನು ಹತ್ತಿಳಿಯುವ ಕಂಡಕ್ಟರುಗಳಿಗೆ, ಕುಳಿತೇ ಇರುವ ಚಾಲಕರಿಗಿಂತ ಹೃದ್ರೋಗ ಕಡಮೆ ಎಂದು ಜೆರಿ ಮಾರಿಸ್ ಅವರು 1953ರಲ್ಲಿಯೇ ತೋರಿಸಿದರು. ಅಲ್ಲಿಂದೀಚೆಗೆ ನಡೆದ ಅನೇಕ ಅಧ್ಯಯನಗಳು ನಿಯಮಿತ ವ್ಯಾಯಾಮವು ಹೃದಯಕ್ಕೆ ಹಿತವೆಂಬುದನ್ನೇ ದೃಢಪಡಿಸಿವೆ. ಹಾಗಾದರೆ ಅಪಾಯವೆಲ್ಲಿ? 1993ರಲ್ಲಿ ಅಮೆರಿಕದ ಮಿಟಲ್‌ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ಭಾರಿ ಶ್ರಮದ ಬಳಿಕದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವವು, ವಾರಕ್ಕೆ ಐದು ಸಲವೋ ಹೆಚ್ಚೋ ಶ್ರಮಪಡುವ ಅಭ್ಯಾಸವಿರುವವರಲ್ಲಿ ಸುಮಾರು 2.4 ಪಟ್ಟು ಮಾತ್ರ ಏರಿತು. ವಾರಕ್ಕೆ ಒಮ್ಮೆಯೂ ಶ್ರಮಪಡದವರಲ್ಲಿ ಅದು 107 ಪಟ್ಟು ಏರಿತು. ಯಾವುದೋ ಒಂದು ಗಂಟೆಯಲ್ಲಿ ಒಬ್ಬನಿಗೆ ಹೃದಯಾಘಾತವಾಗುವ ಸಂಭವವು ಮೊದಲೇ ಅತ್ಯಲ್ಪವಾದುದರಿಂದ, ನೂರು ಪಟ್ಟು ಎಂದಾಕ್ಷಣ ಹೆದರಬೇಕಾಗಿಲ್ಲ. ಆದರೆ ಅಪಾಯವಿರುವುದು ವ್ಯಾಯಾಮದಲ್ಲಲ್ಲ, ಅಭ್ಯಾಸವಿಲ್ಲದ ದೇಹದ ಮೇಲೆ ತಟ್ಟನೆ ಹೇರುವ ಶ್ರಮದಲ್ಲಿ ಎಂಬುದು ಈ ಎರಡು ಸಂಖ್ಯೆಗಳಿಂದ ವ್ಯಕ್ತವಾಗುತ್ತದೆ. ಮೊದಲ ದಿನವೇ ಶಿಷ್ಯನನ್ನು ಏದುಸಿರು ಬಿಡಿಸಿ, ನೆಲಕ್ಕೆ ಕೆಡವಿ, ‘ನೋಡಿದಿರಾ, ಹೇಗಿದೆ ನಮ್ಮ ತರಬೇತಿ’ ಎನ್ನುವವನು ಈ 107ನ್ನು ಅರಿಯದವನು.

ಹೃದಯಬಡಿತವನ್ನು ಎಷ್ಟರವರೆಗೆ ಏರಿಸಬಹುದು ಎಂಬುದಕ್ಕೆ 220ರಿಂದ ವಯಸ್ಸನ್ನು ಕಳೆಯುವ ಸೂತ್ರವೊಂದು ಎಲ್ಲ ಜಿಮ್ಮುಗಳ ಗೋಡೆಯ ಮೇಲೂ ಕಾಣುತ್ತದೆ. 2001ರಲ್ಲಿ ಟನಕಾ ಮತ್ತು ಸಂಗಡಿಗರು, 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಭಾಗವನ್ನು ಕಳೆಯುವುದು ಹೆಚ್ಚು ಸರಿಯೆಂದು ತೋರಿಸಿದರು. ಐವತ್ತರ ಪ್ರಾಯದವನಿಗೆ ಮೊದಲನೆಯದು 170 ಎನ್ನುತ್ತದೆ, ಎರಡನೆಯದು 173. ವ್ಯತ್ಯಾಸ ಹೆಚ್ಚೇನಲ್ಲ. ಆದರೆ ಎರಡೂ ಸರಾಸರಿಗಳು. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತಿಪ್ಪತ್ತು ಬಡಿತಗಳ ಅಂತರವು ಸಹಜ. ಪ್ರಯೋಗಶಾಲೆಯಲ್ಲಿ ಅಳತೆಯ ದೋಷವನ್ನು ಬರೆಯದ ವಿದ್ಯಾರ್ಥಿಗೆ ಅಂಕ ಕಳೆಯುತ್ತೇವೆ. ಗೋಡೆಯ ಮೇಲಿನ ಸಂಖ್ಯೆಯನ್ನು ವೇದವಾಕ್ಯವೆಂದು ಭಾವಿಸಿ ‘ಇನ್ನೂ ಹತ್ತು ಬಡಿತ ಏರಲಿ’ ಎಂದು ಒತ್ತಾಯಿಸುವ ಶಿಕ್ಷಕನಿಗೂ ಹಾಗೆಯೇ ಕಳೆಯಬೇಕು. ವ್ಯಾಯಾಮದ ನಡುವೆ ಶಿಷ್ಯನು ಒಂದು ಪೂರ್ಣ ವಾಕ್ಯವನ್ನು ಆಡಬಲ್ಲನೆ ಎಂದು ಮಾತನಾಡಿಸಿ ನೋಡುವವನು ಅವನಿಗಿಂತ ಮೇಲು.

ಇನ್ನು ಶಿಕ್ಷಕನು ಕೊಡುವ ಭರವಸೆಗಳನ್ನು ಪರೀಕ್ಷಿಸೋಣ. ಇಲ್ಲಿ ಶಕ್ತಿಯ ನಿತ್ಯತ್ವದ ನಿಯಮವೇ ನಮಗೆ ತಕ್ಕಡಿ. ‘ಒಂದು ತಿಂಗಳಲ್ಲಿ ಹತ್ತು ಕಿಲೋ ಕೊಬ್ಬು ಕರಗಿಸುತ್ತೇವೆ’ ಎಂಬ ಜಾಹೀರಾತನ್ನು ಅನೇಕರು ಕಂಡಿರಬಹುದು. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಶಕ್ತಿ ಅಡಗಿರುತ್ತದೆ. ಹತ್ತು ಕಿಲೋಗ್ರಾಂ ಎಂದರೆ 77,000. ಇದನ್ನು ಮೂವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ 2,560ಕ್ಕೂ ಮೇಲಾಯಿತು. ಕುಳಿತು ಕೆಲಸಮಾಡುವ ಸಾಧಾರಣ ಮೈಕಟ್ಟಿನವನು ಇಡೀ ದಿನದಲ್ಲಿ ವೆಚ್ಚ ಮಾಡುವ ಶಕ್ತಿಯೇ ಸುಮಾರು 2,000 ಕಿಲೊಕ್ಯಾಲರಿ. ಅಂದರೆ ತಿಂಗಳಿಡೀ ನಿಟ್ಟುಪವಾಸ ಮಾಡಿದರೂ ಲೆಕ್ಕ ಕೂಡುವುದಿಲ್ಲ! ಮೊದಲ ವಾರದಲ್ಲಿ ತೂಕದ ಯಂತ್ರದ ಮುಳ್ಳು ಬೇಗ ಇಳಿಯುವುದು ನಿಜ. ಆದರೆ ಅದು ಬಹುಪಾಲು ನೀರು. ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಎಂಬ ಪಿಷ್ಟವು ತನ್ನ ತೂಕದ ಸುಮಾರು ಮೂರರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ನೀರೂ ಹೊರಬೀಳುತ್ತದೆ, ಉಂಡಾಗ ಮರಳಿ ಸೇರುತ್ತದೆ. ವಾರಕ್ಕೆ ಅರ್ಧ ಕಿಲೋಗ್ರಾಂ ಇಳಿದರೆ ಸಾಕೆನ್ನುವ ಶಿಕ್ಷಕನು ಮಂಕನಾಗಿ ಕಂಡರೂ ಅವನ ಲೆಕ್ಕ ಸರಿಯಾಗಿದೆ.

ಭಾರವನ್ನು ಎತ್ತಿದಾಗ ಕೊಬ್ಬು ಎಷ್ಟು ಕರಗುತ್ತದೆಂಬುದನ್ನೂ ಗುಣಿಸಿ ನೋಡಬಹುದು. ಐವತ್ತು ಕಿಲೋಗ್ರಾಂ ಭಾರವನ್ನು ಅರ್ಧ ಮೀಟರು ಎತ್ತುವುದಕ್ಕೆ ಬೇಕಾದ ಕೆಲಸ 245 ಜೌಲ್. ನೂರು ಸಲ ಎತ್ತಿದರೆ 24,500 ಜೌಲ್, ಅಂದರೆ ಆರು ಕಿಲೊಕ್ಯಾಲರಿಗೂ ಕಡಮೆ. ನಮ್ಮ ಸ್ನಾಯುಗಳ ದಕ್ಷತೆ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಮಾತ್ರವಾದುದರಿಂದ ದೇಹಕ್ಕೆ ಆಗುವ ವೆಚ್ಚ ಇಪ್ಪತ್ತೈದು ಮೂವತ್ತು ಕಿಲೊಕ್ಯಾಲರಿ. ಭಾರವನ್ನು ಇಳಿಸುವಾಗ ಮತ್ತು ಹಿಡಿದು ನಿಲ್ಲುವಾಗ ಆಗುವ ವೆಚ್ಚವನ್ನು ಸೇರಿಸಿ ಇದನ್ನು ಇಮ್ಮಡಿ ಮಾಡಿಕೊಂಡರೂ ಒಂದು ಸಾಧಾರಣ ಬಾಳೆಹಣ್ಣಿನ ಶಕ್ತಿಯನ್ನು ಮುಟ್ಟುವುದಿಲ್ಲ. ಹಾಗೆಂದ ಮಾತ್ರಕ್ಕೆ ಭಾರ ಎತ್ತುವುದು ವ್ಯರ್ಥವೆಂದಲ್ಲ. ಸ್ನಾಯುವನ್ನೂ ಮೂಳೆಯನ್ನೂ ಬಲಪಡಿಸುವುದರಲ್ಲಿ ಅದಕ್ಕೆ ಸಮನಾದುದು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ವಾರಕ್ಕೆ 150ರಿಂದ 300 ನಿಮಿಷಗಳ ಮಿತಶ್ರಮದ ಜೊತೆಗೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದಿದೆ. ಯಾವುದು ಯಾತಕ್ಕೆ ಎಂಬುದನ್ನು ಶಿಕ್ಷಕನು ಬಿಡಿಸಿ ಹೇಳಬಲ್ಲನೆ ಎಂಬುದೇ ಪ್ರಶ್ನೆ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತದೆ ಎನ್ನುವವನನ್ನು ಅಲ್ಲಿಗೇ ಬಿಡಬಹುದು. ಕೊಬ್ಬು ರಕ್ತದ ಮೂಲಕ ಸ್ನಾಯುವಿಗೆ ತಲುಪುವ ಇಂಧನ. ಅದು ಪಕ್ಕದ ಮನೆಯಿಂದಲೇ ಬರಬೇಕೆಂಬ ನಿಯಮವಿಲ್ಲ.

ಬೆವರಿನ ವಿಷಯದಲ್ಲಿ ಮಾತ್ರ ಇಷ್ಟು ಹಗುರವಾಗಿ ಮಾತನಾಡುವಂತಿಲ್ಲ. ಬೆವರು ಆವಿಯಾದಾಗ ಲೀಟರಿಗೆ ಸುಮಾರು 580 ಕಿಲೊಕ್ಯಾಲರಿ ಉಷ್ಣವನ್ನು ಚರ್ಮದಿಂದ ಒಯ್ಯುತ್ತದೆ. ದೇಹವು ತಂಪಾಗಿ ಉಳಿಯುವುದು ಇದರಿಂದ. ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ ವ್ಯಾಯಾಮ ಮಾಡಿಸಿದರೆ ಬೆವರು ಧಾರಾಕಾರವಾಗಿ ಸುರಿಯುತ್ತದೆ, ಆದರೆ ಆವಿಯಾಗುವುದಿಲ್ಲ. ಉಷ್ಣವು ಒಳಗೇ ಉಳಿಯುತ್ತದೆ. 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಅಮೆರಿಕದ ಮೂರು ಕಾಲೇಜುಗಳ ಮೂವರು ತರುಣ ಮಲ್ಲರು, ಪಂದ್ಯಕ್ಕಾಗಿ ತೂಕ ಇಳಿಸಲು ಹೀಗೆ ಮಾಡುತ್ತಿದ್ದಾಗಲೇ ಸತ್ತರು. ಆ ಬಳಿಕ ಅಲ್ಲಿಯ ಕಾಲೇಜು ಕುಸ್ತಿಯಲ್ಲಿ ರಬ್ಬರಿನ ಅಂಗಿಯನ್ನು ನಿಷೇಧಿಸಿದರು. ಅಂತಹ ಅಂಗಿಯನ್ನು ಮಾರುವ, ನೀರು ಕುಡಿಯಬೇಡಿರೆನ್ನುವ ಶಿಕ್ಷಕನ ಬಳಿ ಒಂದು ಗಳಿಗೆಯೂ ನಿಲ್ಲತಕ್ಕದ್ದಲ್ಲ.

ಈಗ ಭಾರವನ್ನು ಎತ್ತುವ ಭಂಗಿಗೆ ಬರೋಣ. ಒಳ್ಳೆಯ ಶಿಕ್ಷಕನಿಗೂ ಸಾಧಾರಣದವನಿಗೂ ಇರುವ ಅಂತರವು ಕಣ್ಣಿಗೆ ಕಾಣುವುದು ಇಲ್ಲಿಯೇ. ನಮ್ಮ ಅಂಗಗಳೆಲ್ಲ ಸನ್ನೆಗೋಲುಗಳು. ಮುಂದೋಳನ್ನು ಅಡ್ಡಲಾಗಿ ಹಿಡಿದು ಅಂಗೈಯಲ್ಲಿ ಐದು ಕಿಲೋಗ್ರಾಂ ತೂಕವನ್ನು ಇಟ್ಟುಕೊಂಡಿದ್ದೇವೆ ಎನ್ನೋಣ. ಮೊಣಕೈ ಕೀಲು ಇಲ್ಲಿ ಆಧಾರಬಿಂದು. ತೂಕವು ಅದರಿಂದ 35 ಸೆಂಟಿಮೀಟರು ದೂರದಲ್ಲಿದೆ. ತೋಳಿನ ಮುಂಭಾಗದ ಸ್ನಾಯುವು ಎಳೆಯುವುದು ಸುಮಾರು 5 ಸೆಂಟಿಮೀಟರು ದೂರದಲ್ಲಿ. ಬಲ ಮತ್ತು ದೂರಗಳ ಗುಣಲಬ್ಧ ಎರಡು ಕಡೆಯೂ ಸಮನಾಗಬೇಕಾದುದರಿಂದ, ಸ್ನಾಯುವು 35 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಸ್ನಾಯುಗಳು ಹೊರಗಿನ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು ಬಲ ಹಾಕುತ್ತವೆ ಎಂಬ ಈ ಆಶ್ಚರ್ಯದ ಸಂಗತಿಯನ್ನು ಮೊದಲು ಗಣಿತದಿಂದ ವಿವರಿಸಿದವನು ಇಟಲಿಯ ಬೊರೆಲ್ಲಿ. ಅವನ ಗ್ರಂಥವು ಅವನು ಸತ್ತ ಮೇಲೆ, 1680 ಮತ್ತು 1681ರಲ್ಲಿ ಪ್ರಕಟವಾಯಿತು.

ಇದೇ ಲೆಕ್ಕವನ್ನು ಬೆನ್ನಿಗೆ ಹಾಕಿದರೆ ಫಲಿತಾಂಶ ಗಂಭೀರವಾಗುತ್ತದೆ. ಬೆನ್ನುಮೂಳೆಯನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರು ಹಿಂದೆ ಇರುತ್ತವೆ. ನೆಲದ ಮೇಲಿನ 20 ಕಿಲೋಗ್ರಾಂ ಭಾರವನ್ನು, ಬೆನ್ನುಮೂಳೆಯಿಂದ 50 ಸೆಂಟಿಮೀಟರು ಮುಂದಕ್ಕೆ ಕೈಚಾಚಿ ಎತ್ತಿದರೆ ಆ ಸ್ನಾಯುಗಳು 200 ಕಿಲೋಗ್ರಾಂ ತೂಕದಷ್ಟು ಬಲ ಹಾಕಬೇಕು. ಬಾಗಿದ ಮೈಯ ಸ್ವಂತ ಭಾರ ಇದಕ್ಕೆ ಸೇರಿಲ್ಲ. ಅದೇ ಭಾರವನ್ನು ಮೈಗೆ ತಾಗಿಸಿಕೊಂಡು, 25 ಸೆಂಟಿಮೀಟರು ದೂರದಲ್ಲಿ ಎತ್ತಿದರೆ 100 ಸಾಕು. ಕಶೇರುಕಗಳ ನಡುವಣ ಮೆತ್ತೆಗಳು ಈ ಬಲವನ್ನೆಲ್ಲ ತಡೆಯಬೇಕಾಗುತ್ತದೆ. ಭಾರದ ಬಿಲ್ಲೆಗಳನ್ನು ಒಂದಿಷ್ಟೂ ಬದಲಾಯಿಸದೆ, ಶಿಷ್ಯನು ನಿಲ್ಲುವ ರೀತಿಯನ್ನು ಮಾತ್ರ ಬದಲಾಯಿಸಿ ಬೆನ್ನಿನ ಹೊರೆಯನ್ನು ಅರ್ಧಕ್ಕೆ ಇಳಿಸಬಹುದು! ಇದನ್ನು ಬಲ್ಲ ಶಿಕ್ಷಕನು ಶಿಷ್ಯನ ಎದುರಿಗೆ ನಿಲ್ಲುವುದಿಲ್ಲ. ಪಕ್ಕಕ್ಕೆ ಬಂದು ನಿಲ್ಲುತ್ತಾನೆ, ಏಕೆಂದರೆ ಭಾರವು ಎಷ್ಟು ಮುಂದಿದೆ ಎಂಬುದು ಪಕ್ಕದಿಂದಲೇ ಕಾಣುವುದು. ಮೊದಲು ಬರಿಯ ಕೋಲನ್ನು ಕೈಗೆ ಕೊಟ್ಟು ಎತ್ತಿಸುತ್ತಾನೆ. ಜಿಮ್ಮಿಗೆ ಸೇರುವ ಮುನ್ನ ಒಂದು ದಿನ ಮೂಲೆಯಲ್ಲಿ ಕುಳಿತು, ಶಿಕ್ಷಕನು ಎಲ್ಲಿ ನಿಲ್ಲುತ್ತಾನೆ, ಅವನ ಕಣ್ಣು ಶಿಷ್ಯನ ಮೇಲಿದೆಯೋ ಕೈಯಲ್ಲಿರುವ ಮೊಬೈಲಿನ ಮೇಲಿದೆಯೋ ಎಂದು ನೋಡಿದರೆ ಅರ್ಧ ಪರೀಕ್ಷೆ ಮುಗಿಯಿತು. ವಿಡಿಯೋ ಮೂಲಕ ಕಲಿಸುವವರ ವಿಷಯದಲ್ಲಿಯೂ ಇದೇ ಮಾತು: ಕ್ಯಾಮೆರಾವನ್ನು ಪಕ್ಕಕ್ಕೆ ಇಡಿರೆಂದು ಅವರು ತಾವಾಗಿಯೇ ಕೇಳಬೇಕು.

ಭಂಗಿ ಸರಿಯಾದ ಮೇಲೆ ಭಾರವನ್ನು ಏರಿಸುವ ಕ್ರಮ. ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಮಲ್ಲ ಮೈಲೊ ಎಂಬುವನು ಎಳೆಗರುವೊಂದನ್ನು ದಿನವೂ ಹೊತ್ತು, ಅದು ಗೂಳಿಯಾದಾಗಲೂ ಹೊರುತ್ತಿದ್ದನೆಂದು ಕಥೆ. ಕರು ಬೆಳೆಯುವ ವೇಗದಲ್ಲಿ ಸ್ನಾಯು ಬೆಳೆಯುವುದಿಲ್ಲವಾದುದರಿಂದ ಕಥೆಯನ್ನು ನಂಬಬೇಕಾಗಿಲ್ಲ. ಅದರ ತತ್ತ್ವವನ್ನು ನಂಬಬಹುದು. ಅದನ್ನು ಅಳತೆಗೆ ಇಳಿಸಿದವರು ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ ಪಡೆದ ಫಲವನ್ನು ಅವರು 1945ರಲ್ಲಿ ಪ್ರಕಟಿಸಿದರು. ಒಬ್ಬನು ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರ ಯಾವುದೆಂದು ಮೊದಲು ಗುರುತಿಸಬೇಕು. ಅದರ ಅರ್ಧ, ಮುಕ್ಕಾಲು, ಪೂರ್ಣ ಭಾರಗಳನ್ನು ಕ್ರಮವಾಗಿ ಹತ್ತು ಹತ್ತು ಸಲ ಎತ್ತಿಸಬೇಕು. ಬಲ ಹೆಚ್ಚಿದಂತೆ ಅಳತೆಯನ್ನು ಮತ್ತೆ ಮಾಡಬೇಕು. ಇದು ಅವರು ಮತ್ತು ಸಹೋದ್ಯೋಗಿ ವಾಟ್ಕಿನ್ಸ್ 1948ರ ಹೊತ್ತಿಗೆ ನೆಲೆಗೊಳಿಸಿದ ಪದ್ಧತಿ. ಇಂದಿನ ಸಲಹೆಯಂತೆ, ಗೊತ್ತುಮಾಡಿದ ಸಂಖ್ಯೆಗಿಂತ ಒಂದೆರಡು ಸಲ ಹೆಚ್ಚಾಗಿ ಎತ್ತಬಲ್ಲವನಾದ ಮೇಲೆ ಭಾರವನ್ನು ನೂರಕ್ಕೆ ಎರಡರಿಂದ ಹತ್ತರಷ್ಟು ಏರಿಸಬೇಕು. ಮೊದಲ ಕೆಲವು ವಾರಗಳಲ್ಲಿ ಬಲವು ಬೇಗಬೇಗನೆ ಹೆಚ್ಚುತ್ತದೆ. ಆದರೆ ಅದು ಬಹುಮಟ್ಟಿಗೆ ನರಗಳು ಸ್ನಾಯುವನ್ನು ಬಳಸಲು ಕಲಿತುದರ ಫಲ. ಸ್ನಾಯು ದಪ್ಪವಾಗುವುದು ಅನಂತರ. ಅದನ್ನು ಮೂಳೆಗೆ ಬಿಗಿಯುವ ಕಂಡರಗಳು ಗಟ್ಟಿಯಾಗುವುದು ಇನ್ನೂ ನಿಧಾನ. ಶಿಷ್ಯನು ಉತ್ಸಾಹದಿಂದ ಇನ್ನೂ ಹೆಚ್ಚು ಎತ್ತುತ್ತೇನೆ ಎಂದಾಗ ತಡೆಯುವುದು ಶಿಕ್ಷಕನ ಕೆಲಸ. ಅವನಿಗೆ ಸಂಬಳ ಕೊಡುವುದು ಮುಖ್ಯವಾಗಿ ಇದಕ್ಕಾಗಿಯೇ ಎಂದು ನನ್ನ ಅಭಿಪ್ರಾಯ.

ತಡೆಯದಿದ್ದರೆ ಏನಾಗುತ್ತದೆ? 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ರಜೆ ಮುಗಿಸಿ ಬಂದಾಗ, ಹೆಗಲ ಮೇಲೆ ಭಾರ ಹೊತ್ತು ನೂರು ಬಸ್ಕಿಗಳನ್ನು ಅವರಿಂದ ಮಾಡಿಸಲಾಯಿತು. ಹದಿಮೂರು ಮಂದಿ ಆಸ್ಪತ್ರೆ ಸೇರಿದರು. ಅತಿಶ್ರಮದಿಂದ ಸ್ನಾಯುವಿನ ಜೀವಕೋಶಗಳು ಒಡೆದಾಗ, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ಪದಾರ್ಥವು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಗೋಡೆಗಳಡಿ ಸಿಕ್ಕಿ ಜಜ್ಜಿಹೋದವರಲ್ಲಿ ವೈದ್ಯರು 1941ರಲ್ಲಿ ವರ್ಣಿಸಿದ ವಿಕಾರವೂ ಇದೇ ಜಾತಿಯದು. ಅಯೋವಾದ ಆಟಗಾರರು ಕಟ್ಟುಮಸ್ತಾದ ಯುವಕರು; ಅವರ ಶಿಕ್ಷಕರೂ ಅನನುಭವಿಗಳಲ್ಲ. ಕೆಲವೇ ವಾರಗಳ ಬಿಡುವಿನ ಬಳಿಕ ಇಂಥವರಿಗೇ ಹೀಗಾದರೆ, ಇಪ್ಪತ್ತು ವರ್ಷಗಳ ಬಿಡುವಿನ ಬಳಿಕ ಬರುವ ನಮ್ಮ ಗೃಹಸ್ಥನ ಗತಿಯೇನು? ಹೊಸ ವ್ಯಾಯಾಮದ ಮಾರನೆಯ ದಿನ ಮೈಕೈ ನೋಯುವುದು ಸಹಜ. ಎರಡು ಮೂರು ದಿನಗಳಲ್ಲಿ ಅದು ಇಳಿಯುತ್ತದೆ. ನೋವು ಅಸಹನೀಯವಾಗಿ, ಅಂಗ ಊದಿಕೊಂಡು, ಮೂತ್ರವು ಕಡು ಚಹದ ಬಣ್ಣಕ್ಕೆ ತಿರುಗಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ‘ನೋವಿಲ್ಲದೆ ಫಲವಿಲ್ಲ’ ಎಂಬ ಜಿಮ್ಮಿನ ಘೋಷಣೆ ಅಲ್ಲಿ ನಡೆಯದು.

ಒಂದೇ ಅಚ್ಚುಹಾಕಿದ ಪಟ್ಟಿಯನ್ನು ಎಲ್ಲರಿಗೂ ಹಂಚುವುದು ಏಕೆ ತಪ್ಪೆಂಬುದನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಪರೋಕ್ಷವಾಗಿ ಹೇಳಿಬಿಟ್ಟಿದ್ದಾನೆ. ಸ್ನಾಯುವಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುತ್ತದೆ, ಮೈತೂಕವು ಗಾತ್ರವನ್ನು ಅನುಸರಿಸುತ್ತದೆ. ಒಂದೇ ಆಕಾರದ ಇಬ್ಬರಲ್ಲಿ ಒಬ್ಬನು ನೂರಕ್ಕೆ ಹತ್ತರಷ್ಟು ಎತ್ತರವಾಗಿದ್ದರೆ ಅವನ ಬಲ 21ರಷ್ಟು, ತೂಕ 33ರಷ್ಟು ಹೆಚ್ಚು. ಆದುದರಿಂದ ಸಣ್ಣ ಆಳು ಸಲೀಸಾಗಿ ಮಾಡುವ ದಂಡಗಳನ್ನು ದೊಡ್ಡ ಆಳು ಮಾಡಲಾರದೆ ಹೋದರೆ ಅವನನ್ನು ಸೋಮಾರಿಯೆಂದು ಹಂಗಿಸತಕ್ಕದ್ದಲ್ಲ.

ಪ್ರಮಾಣಪತ್ರಗಳ ವಿಷಯ ಇಷ್ಟು ಹೊತ್ತು ಎತ್ತದೆ ಇದ್ದುದಕ್ಕೆ ಕಾರಣವಿದೆ. ಅವು ಬೇಕು, ಆದರೆ ಅವುಗಳಿಂದಲೇ ಎಲ್ಲವೂ ತೀರುವುದಿಲ್ಲ. ದೈಹಿಕ ಶಿಕ್ಷಣದಲ್ಲಿ ಪದವಿ ಕೊಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ಹಳೆಯವು: ಮದರಾಸಿನ ವೈ.ಎಂ.ಸಿ.ಎ. ಕಾಲೇಜು 1920ರದು, ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆ 1957ರದು. ಪಟಿಯಾಲದ ಕ್ರೀಡಾಸಂಸ್ಥೆ 1961ರಿಂದ ತರಬೇತುದಾರರನ್ನು ತಯಾರಿಸುತ್ತಿದೆ. ಅಮೆರಿಕದ ಕೆಲವು ಪ್ರಸಿದ್ಧ ಸಂಸ್ಥೆಗಳ ಪರೀಕ್ಷೆಗಳನ್ನು ಪಾಸುಮಾಡಿದವರೂ ಈಗ ಇಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆ ಪ್ರಮಾಣಪತ್ರಗಳನ್ನು ಕೆಲವು ವರ್ಷಗಳಿಗೊಮ್ಮೆ ನವೀಕರಿಸಬೇಕಾಗುವುದರಿಂದ ತಾರೀಖನ್ನು ನೋಡಬೇಕು. ಎರಡು ದಿನಗಳ ಶಿಬಿರದಲ್ಲಿ ಹಂಚಿದ ಬಣ್ಣದ ಕಾಗದವನ್ನು ಇವುಗಳ ಸಾಲಿನಲ್ಲಿ ಇಡಬಾರದು. ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದುದು, ಹೃದಯ ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಿ ರಕ್ತಸಂಚಾರವನ್ನು ಕಾಯ್ದುಕೊಳ್ಳುವ ಪ್ರಥಮಚಿಕಿತ್ಸೆಯನ್ನು ಅವನು ಕೈಯಾರೆ ಅಭ್ಯಾಸಮಾಡಿದ್ದಾನೆಯೇ ಎಂಬುದನ್ನು.

ಶಿಕ್ಷಕನೇ ವ್ಯಾಪಾರಿಯೂ ಆಗಿದ್ದರೆ ಎಚ್ಚರ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2020ರ ಸೂಚನೆಯಂತೆ ವಯಸ್ಕನಿಗೆ ದಿನಕ್ಕೆ ಮೈತೂಕದ ಕಿಲೋಗ್ರಾಮಿಗೆ 0.83 ಗ್ರಾಂ ಪ್ರೋಟೀನು ಬೇಕು. ಅರವತ್ತು ಕಿಲೋಗ್ರಾಮಿನವನಿಗೆ ಐವತ್ತು ಗ್ರಾಂ. ಭಾರ ಎತ್ತುವವರಿಗೆ ಇದರ ಇಮ್ಮಡಿಯವರೆಗೆ ಪ್ರಯೋಜನವಾಗಬಹುದು. ಬೇಳೆ, ಕಡಲೆ, ಹಾಲು, ಮೊಟ್ಟೆ, ಮೀನುಗಳಿಂದ ಇಷ್ಟನ್ನು ಪಡೆಯುವುದು ಅಸಾಧ್ಯವಲ್ಲ. ಮೊದಲ ವಾರದಲ್ಲಿಯೇ ಪುಡಿಯ ಡಬ್ಬಿಯನ್ನು ಮುಂದಿಡುವವನ ಲಾಭ ಡಬ್ಬಿಯಲ್ಲಿದೆ. ಇನ್ನು, ಚುಚ್ಚುಮದ್ದು ಹಾಕಿಸಿಕೊಂಡರೆ ಬೇಗ ಮೈ ತುಂಬುತ್ತದೆ ಎಂದು ಪಿಸುಗುಟ್ಟುವವರೂ ಉಂಟು. ಅದು ಸ್ಟೀರಾಯ್ಡು, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧ. ಹೃದಯಕ್ಕೂ ಸಂತಾನಶಕ್ತಿಗೂ ಅದು ಮಾಡುವ ಕೇಡನ್ನು ಆ ಪಿಸುಮಾತಿನಲ್ಲಿ ಯಾರೂ ಸೇರಿಸುವುದಿಲ್ಲ.

ವರ್ಷದ ಶುಲ್ಕವನ್ನು ಒಟ್ಟಿಗೆ ಕೊಟ್ಟರೆ ರಿಯಾಯಿತಿ ಎನ್ನುತ್ತಾರೆ. ಮೊದಲು ಒಂದು ತಿಂಗಳಿಗೆ ಮಾತ್ರ ಕೊಡುವುದು ಒಳ್ಳೆಯದು. ಆ ತಿಂಗಳ ಕೊನೆಯಲ್ಲಿ, ನಮ್ಮ ಹೆಸರಿನ ಪುಸ್ತಕವನ್ನು ತೋರಿಸಿ ಎಂದು ಕೇಳಬೇಕು. ಯಾವ ದಿನ ಯಾವ ಭಾರ, ಎಷ್ಟು ಸಲ, ಎಲ್ಲಿ ನೋಯಿತು, ಯಾವಾಗ ಇಳಿಸಿದರು ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಕಾಗದದ ಬದಲು ಫೋನಿನಲ್ಲಿದ್ದರೂ ಆದೀತು. ಪುಸ್ತಕವೇ ಇಲ್ಲವೆಂದಾದರೆ, ಎರಡನೆಯ ತಿಂಗಳ ಹಣವನ್ನು ಬೇರೆ ಕಡೆ ಕೊಡಬಹುದು.